ಸದ್ದಿಲ್ಲದ ಜನರೇಟರಿನ ಗದ್ದಲ

ಜನರೇಟರಿನ ಕರಪತ್ರದಲ್ಲಿ ‘ಪಿಸುಮಾತಿನಷ್ಟೇ ಮೆಲುದನಿ’ ಎಂದು ಬರೆಯುವವರ ಮನೆಮಂದಿ ಹೇಗೆ ಪಿಸುಗುಟ್ಟುತ್ತಾರೆಂದು ಒಮ್ಮೆ ಹೋಗಿ ಕೇಳಿ ಬರಬೇಕೆಂಬ ಆಸೆ ಈ ವಾರ ನನ್ನಲ್ಲಿ ಬಲವಾಗಿದೆ. ಹೊರಾಂಗಣದಲ್ಲಿ ಧ್ವನಿಮುದ್ರಣ ಮಾಡುವವರಿಗೆ ವಿದ್ಯುತ್ತೂ ಬೇಕು, ನಿಶ್ಶಬ್ದವೂ ಬೇಕು. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತೇವೆನ್ನುವ ಕರಪತ್ರಗಳನ್ನೆಲ್ಲ ಹರಡಿಕೊಂಡು, ಅವುಗಳ ಅಡಿಟಿಪ್ಪಣಿ ಓದಲು ಕನ್ನಡಕ ಹುಡುಕುತ್ತ ಕುಳಿತಿದ್ದೇನೆ.

ದಪ್ಪಕ್ಷರದಲ್ಲಿ 52 ಡೆಸಿಬಲ್ ಎಂದಿರುತ್ತದೆ. ಅದನ್ನು ಯಂತ್ರದಿಂದ 7 ಮೀಟರ್ ದೂರದಲ್ಲಿ, ಅದೂ ಕಾಲು ಭಾಗದಷ್ಟು ವಿದ್ಯುತ್ ಹೊರೆ ಹಾಕಿ ಅಳೆಯಲಾಗಿದೆ ಎಂಬ ಸತ್ಯ ಮಾತ್ರ ಸಣ್ಣಕ್ಷರದಲ್ಲಿ ತಲೆತಗ್ಗಿಸಿ ನಿಂತಿರುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗಿರುವ ಹಾಗೆ ದೂರದ ಜನರೇಟರ್ ಕಿವಿಗೆ ಮೆಲ್ಲಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಡೆಸಿಬಲ್‌ಗಳ ಲೆಕ್ಕವೂ ಸಾಮಾನ್ಯ ಕೂಡುವ ಕಳೆಯುವ ಲೆಕ್ಕವಲ್ಲ. 10 ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ಇನ್ನೊಂದು ಕರಪತ್ರ 89 ಎಂದು ಬರೆದು ನನ್ನನ್ನು ಬೆಚ್ಚಿಬೀಳಿಸಿತು. ಅದು ಯಂತ್ರ ಹೊರಸೂಸುವ ಒಟ್ಟು ಧ್ವನಿಶಕ್ತಿಯ ಅಂಕಿಯಂತೆ. ಬಯಲಿನಲ್ಲಿ 7 ಮೀಟರ್ ದೂರದ ಲೆಕ್ಕಕ್ಕೆ ತಂದರೆ ಸುಮಾರು 64 ಆಗುತ್ತದೆ. ಪ್ರಾಮಾಣಿಕನಿಗೆ ಗಿರಾಕಿ ಸಿಗದಿರುವುದು ಹೀಗೆಯೇ ಇರಬೇಕು.

ಇನ್ವರ್ಟರ್ ಮಾದರಿಯ ಜನರೇಟರನ್ನೇ ಕೊಳ್ಳಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹಳೆಯ ಮಾದರಿಯ ಸಾಮಾನ್ಯ ಜನರೇಟರ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತನೆಯ ವಿದ್ಯುತ್ತು ಕೊಡುವುದಕ್ಕಾಗಿ, ಒಂದೇ ಒಂದು ಬಲ್ಬು ಉರಿಯುತ್ತಿದ್ದರೂ ನಿಮಿಷಕ್ಕೆ 3000 ಸುತ್ತು ಹಾಕುತ್ತ ಕೂಗುತ್ತಲೇ ಇರುತ್ತದೆ. ಇನ್ವರ್ಟರ್ ಮಾದರಿಯಲ್ಲಾದರೋ ಮೊದಲು ಹುಟ್ಟಿದ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವ ಡಿಸಿಯಾಗಿ, ಮತ್ತೆ ದಿಕ್ಕು ಬದಲಿಸುತ್ತ ಹರಿಯುವ ಶುದ್ಧ ಎಸಿಯಾಗಿ ಹೊರಬರುವುದರಿಂದ ಲ್ಯಾಪ್‌ಟಾಪ್, ರೆಕಾರ್ಡರ್‌ಗಳಂಥ ಸೂಕ್ಷ್ಮ ಉಪಕರಣಗಳಿಗೆ ಕ್ಷೇಮ. ಹೊರೆ ಕಡಿಮೆಯಿದ್ದಾಗ ಎಂಜಿನ್ನೂ ನಿಧಾನವಾಗಿ ತಿರುಗುತ್ತದೆ. ಹೊರೆ ಕಡಿಮೆಯಿದ್ದಾಗ ಎಂಬ ಷರತ್ತೇ ನನ್ನ ಪಾಲಿನ ಕಂಟಕ.

ಏಕೆಂದರೆ ನಮ್ಮ ತಂಡದ ಛಾಯಾಗ್ರಾಹಕ ಮಿತ್ರನಿಗೆ ಖಾಲಿ ಸಾಕೆಟ್ ಕಂಡರೆ ಸಹಿಸಲಾಗುವುದಿಲ್ಲ. ಮೊದಲು ಫೋನಿನ ಚಾರ್ಜರ್ ಬರುತ್ತದೆ, ಅದರ ಹಿಂದೆ ಅವನ ಸಹಾಯಕರ ಫೋನುಗಳು, ಆಮೇಲೆ ಯಾರದೋ ಪುಟ್ಟ ಫ್ಯಾನು. ಮೊನ್ನೆ ಬಾಡಿಗೆಗೆ ತಂದ ಯಂತ್ರದ ಮೇಲೆ 2000 ವ್ಯಾಟ್ ಎಂದು ಬರೆದಿತ್ತು. ಅದು ಕ್ಷಣಕಾಲದ ಶೌರ್ಯ, ನಿರಂತರವಾಗಿ ಕೊಡುವುದು 1600 ಮಾತ್ರ. ಎರಡು ದೀಪ ಮತ್ತು ನನ್ನ ಸಲಕರಣೆಗಳೆಲ್ಲ ಸೇರಿ 300 ವ್ಯಾಟ್ ದಾಟದಿದ್ದುದರಿಂದ ಅದು ದೂರದಲ್ಲಿ ಗುಂಯ್‌ಗುಡುತ್ತಿತ್ತು. ಸಂದರ್ಶನ ಕೊಡುತ್ತಿದ್ದ ವೃದ್ಧರು ಎಷ್ಟೋ ಹೊತ್ತಿನ ಸಂಕೋಚ ಕಳೆದು, ತೀರಿಕೊಂಡ ತಮ್ಮ ಅಣ್ಣನ ಬಗ್ಗೆ ತಗ್ಗಿದ ದನಿಯಲ್ಲಿ ಹೇಳತೊಡಗಿದ್ದರು. ಆಗ ಈ ಮಹಾಶಯ ತುದಿಗಾಲಲ್ಲಿ, ಕಳ್ಳಹೆಜ್ಜೆ ಇಡುತ್ತ, ಯಾರಿಗೂ ತೊಂದರೆಯಾಗದಂತೆ ನಡೆದುಹೋಗಿ 1500 ವ್ಯಾಟಿನ ಕೆಟಲ್ ಸಿಕ್ಕಿಸಿದ. ಗಂಟಲಿಗೆ ಬಿಸಿನೀರು ಬೇಕಿತ್ತಂತೆ. ಮಾತಾಡಬೇಕಾದವರ ಗಂಟಲು ಚೆನ್ನಾಗಿಯೇ ಇತ್ತು. ಬಾಯಿ ಮುಚ್ಚಿಕೊಂಡು ಕ್ಯಾಮೆರಾ ಹಿಂದೆ ನಿಲ್ಲಬೇಕಾದವನ ಗಂಟಲಿಗೆ ಈ ಉಪಚಾರ!

ಎಂಜಿನ್ ಒಮ್ಮೆಲೇ ಅಬ್ಬರಿಸಿತು. ಕೆಂಪು ದೀಪ ಹೊತ್ತಿಕೊಂಡು ಯಂತ್ರವು ವಿದ್ಯುತ್ತನ್ನು ಕಡಿದುಹಾಕಿತು. ಆದರೆ ಹೊರೆ ಮಿತಿಮೀರಿದಾಗ ಇಂಥ ಯಂತ್ರಗಳಲ್ಲಿ ನಿಲ್ಲುವುದು ವಿದ್ಯುತ್ತೇ ಹೊರತು ಎಂಜಿನ್ನಲ್ಲ. ಹೀಗಾಗಿ ದೀಪವಿಲ್ಲ, ಲ್ಯಾಪ್‌ಟಾಪಿಗೆ ಚಾರ್ಜ್ ಇಲ್ಲ, ಬಿಸಿನೀರೂ ಇಲ್ಲ. ಸದ್ದು ಮಾತ್ರ ಧಾರಾಳವಾಗಿತ್ತು. ಬ್ಯಾಟರಿಯಿಂದ ನಡೆಯುತ್ತಿದ್ದ ನನ್ನ ರೆಕಾರ್ಡರ್ ಅದನ್ನೆಲ್ಲ ನಿಷ್ಠೆಯಿಂದ ದಾಖಲಿಸಿಕೊಂಡಿತು. “ಎಷ್ಟು ಸದ್ದು ಮಾಡುತ್ತದೆ ಮಾರಾಯ ನಿನ್ನ ಜನರೇಟರ್! ಇನ್ನೊಂದು ಸಲ ಒಳ್ಳೆಯದನ್ನು ತಾ” ಎಂದು ಅವನು ಕೆಟಲನ್ನು ಕೈಯಲ್ಲೇ ಹಿಡಿದು ನನಗೆ ಬುದ್ಧಿ ಹೇಳಿದ.

ಯಂತ್ರವನ್ನು ನಿಲ್ಲಿಸಿದಾಗ ಎಲೆಗಳ ಮರ್ಮರ, ಎಲ್ಲೋ ಒಂದು ಹಕ್ಕಿ, ಆ ವೃದ್ಧರ ಉಸಿರು, ಎಲ್ಲವೂ ಸ್ಪಷ್ಟವಾಗಿ ಕೇಳಿದವು. ಅವರು ಮತ್ತೆ ಮಾತಾಡಿದರು, ಅಣ್ಣನ ಹೆಸರನ್ನೂ ಹೇಳಿದರು. ಮೊದಲ ಸಲ ಹೇಳಿದ ದನಿ ಮಾತ್ರ ಮರಳಿ ಬರಲಿಲ್ಲ.

ಅಂದಿನಿಂದ ಸಲಹೆ ಕೊಡುವವರಿಗೆ ಬರವಿಲ್ಲ. ಕಂಬಳಿ ಹೊದಿಸು ಎಂದವರಿಗೆ ಎಂಜಿನ್ನಿಗೆ ಗಾಳಿ ಬೇಕೆಂದು ಹೇಳಿದೆ. ಕೋಣೆಯೊಳಗಿಟ್ಟು ಬಾಗಿಲು ಹಾಕು ಎಂದವರಿಗೆ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಕರುಣೆಯೂ ಇಲ್ಲ ಎಂದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬಲ್ ಇಳಿಯುವುದರಿಂದ, 7 ಮೀಟರಿನಿಂದ 28 ಮೀಟರಿಗೆ ಒಯ್ದರೆ 12 ಕಡಿಮೆಯಾಗುತ್ತದೆ. ಅದಕ್ಕೆ ದಪ್ಪನೆಯ ಉದ್ದ ತಂತಿ ಬೇಕು, ಸುಮಾರು 20 ಕಿಲೋ ತೂಗುವ ಆ ಪೆಟ್ಟಿಗೆಯನ್ನು ಅಷ್ಟು ದೂರ ಹೊರಲು ಸೊಂಟವೂ ಬೇಕು. ಹಿಡಿಕೆಯೊಂದನ್ನು ಕೂಡಿಸಿದ ಮಾತ್ರಕ್ಕೆ ವಸ್ತು ಒಯ್ಯಬಲ್ಲದ್ದಾಗುತ್ತದೆ ಎಂದು ನಂಬಿದವರು ಅದನ್ನು ಎಂದೂ ಎತ್ತಿದವರಲ್ಲ.

ಕೊನೆಗೆ ನನ್ನ ಮನಸ್ಸು ಒಂದು ಉಪಾಯಕ್ಕೆ ಒಲಿದಿದೆ: ಧ್ವನಿಮುದ್ರಣದ ಹೊತ್ತಿನಲ್ಲಿ 1000 ವ್ಯಾಟ್-ಅವರ್ ಸಾಮರ್ಥ್ಯದ ಬ್ಯಾಟರಿ ಪೆಟ್ಟಿಗೆ, ಬಿಡುವಿನಲ್ಲಿ ಅದನ್ನು ತುಂಬಿಸಲು ದೂರದಲ್ಲೊಂದು ಜನರೇಟರ್. ನನ್ನ ಪಾಲಿನ 150 ವ್ಯಾಟಿಗೆ, ಸೋರಿಕೆ ಕಳೆದೂ, ಐದು ಗಂಟೆಗೆ ಮೋಸವಿಲ್ಲ. ಇದನ್ನೆಲ್ಲ ಮಿತ್ರನಿಗೆ ವಿವರಿಸಿದೆ. ಅವನು ಗಂಭೀರವಾಗಿ ತಲೆಯಾಡಿಸುತ್ತ ಕೇಳಿ, ಬ್ಯಾಟರಿ ಪೆಟ್ಟಿಗೆಯ ಚಿತ್ರವನ್ನು ಹತ್ತಿರ ಎಳೆದುಕೊಂಡು, ಅದರಲ್ಲಿ ಸಾಕೆಟ್‌ಗಳೆಷ್ಟಿವೆ ಎಂದು ಎಣಿಸತೊಡಗಿದ.