ನಿರುದ್ಯೋಗಿಯ ಹಾಜರಿ

ಶಿರಸಿ ಕಡೆಯ ನಮ್ಮೂರಲ್ಲಿ ಪಕ್ಕದ ಮನೆ ಮಾಣಿ ಬಿ.ಕಾಂ. ಮುಗಿಸಿದವ. ಬೆಳಗ್ಗೆ ಐದೂವರೆಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚುತ್ತಾನೆ, ಹಾಲು ಕರೆದು ಡೇರಿಗೆ ಕೊಟ್ಟು ಬರುತ್ತಾನೆ, ಆಮೇಲೆ ತೋಟಕ್ಕೆ ಇಳಿಯುತ್ತಾನೆ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಾನೆ. ಇಷ್ಟರ ನಡುವೆ ಅವನಿಗೊಂದು ಅಧಿಕೃತ ಹುದ್ದೆಯೂ ಇತ್ತು: ನಿರುದ್ಯೋಗಿ.

ಹುದ್ದೆ ಸಣ್ಣದೇನಲ್ಲ. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಗೆ ಚಾಲನೆ ಕೊಟ್ಟರಲ್ಲ, ಅದರದ್ದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಪಾಸಾಗಿ 180 ದಿನ ಕೆಲಸ ಸಿಗದೆ ಇದ್ದು ತೋರಿಸಬೇಕು, ಅದು ಪ್ರೊಬೇಷನ್. ಸೇರಿದ ಮೇಲೆ ಶುರುವಿನಲ್ಲಂತೂ ತಿಂಗಳು ತಿಂಗಳೂ ಆನ್‌ಲೈನಿನಲ್ಲಿ ಸ್ವಯಂಘೋಷಣೆ: ಕೆಲಸ ಸಿಕ್ಕಿಲ್ಲ, ಸ್ವಯಂ ಉದ್ಯೋಗ ಇಲ್ಲ, ಮುಂದೆ ಓದುತ್ತಲೂ ಇಲ್ಲ. (ಓದಿದರೆ ಹುದ್ದೆ ಹೋಯಿತು!)

ಹಾಜರಿ ಹಾಕುವ ಜಾಗ ಸೊಪ್ಪಿನ ಬೆಟ್ಟದ ತಲೆ ಮೇಲೆ. ಊರಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗುವ ಬಂಡೆ ಅದೊಂದೇ. ಆಷಾಢದ ಮಳೆಯಲ್ಲಿ ಒಮ್ಮೆ ಎದುರು ಸಿಕ್ಕ. ಕೈಯಲ್ಲಿ ಕೊಡೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಮೊಬೈಲು.

"ಎಲ್ಲಿಗಾ ತಮಾ?"

"ಕೆಲ್ಸ ಇಲ್ಲೆ ಹೇಳಿ ಒತ್ತಲೆ."

ಅವತ್ತು ಕಾಲಿಗೆ ಹತ್ತಿದ ಉಂಬಳ ಕಿತ್ತು ಎಸೆಯುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತಂತೆ. ಮಾರನೇ ದಿನ ಮತ್ತೆ ಡ್ಯೂಟಿ.

ಅವನ ತಲೆಬಿಸಿ ಬೇರೆಯೇ ಇತ್ತು. ಅಪ್ಪನ ತೋಟದಲ್ಲಿ ಬೆವರು ಸುರಿಸುವುದು ಸ್ವಯಂ ಉದ್ಯೋಗವೋ ಅಲ್ಲವೋ? ಈ ಗೊಂದಲ ಬಿಡಿಸಿಕೊಟ್ಟವರು ಹೆಣ್ಣಿನ ಕಡೆಯವರು. ಅವನ ಅಣ್ಣನೂ ತೋಟಿಗ, ಮೂವತ್ನಾಲ್ಕಾಯಿತು. ಜಾತಕ ಹಿಡಿದು ಹೋದಲ್ಲೆಲ್ಲ ಒಂದೇ ಮಾತು: "ಮಾಣಿ ತೋಟ ನೋಡ್ಕಂಡು ಇದ್ದ ಅಂದ್ರೆ ಕೆಲ್ಸ ಇಲ್ಲೆ ಹೇಳೇ ಲೆಕ್ಕ." ಇದಕ್ಕಿಂತ ಗಟ್ಟಿ ಪ್ರಮಾಣಪತ್ರವನ್ನು ಯಾವ ತಹಶೀಲ್ದಾರರು ಕೊಟ್ಟಾರು? ಅಪ್‌ಲೋಡ್ ಮಾಡಲಿಕ್ಕೆ ಮಾತ್ರ ಜಾಗವಿಲ್ಲ.

ಹುದ್ದೆಯ ಅವಧಿ ಹೆಚ್ಚೆಂದರೆ ಎರಡು ವರ್ಷ. ಅವನದ್ದೂ ಮುಗಿಯಿತು. ಇಪ್ಪತ್ನಾಲ್ಕಕ್ಕೇ ನಿರುದ್ಯೋಗದಿಂದ ನಿವೃತ್ತಿ. ಶಾಲು-ಹಾರ ಇಲ್ಲ, ಪಿಂಚಣಿಯೂ ಇಲ್ಲ.

ಮೊನ್ನೆ ನೋಡಿದರೆ ಮತ್ತೆ ಬಂಡೆ ಹತ್ತಿದ್ದ. ಬೆಂಗಳೂರಿನ ಯಾವುದೋ ಕಂಪನಿಯ ವಿಡಿಯೊ ಇಂಟರ್‌ವ್ಯೂ. ಮೇಲೆ ಬಿಳಿ ಅಂಗಿ, ಕೆಳಗೆ ತೋಟದ ಪಂಚೆ. "ಎರಡು ವರ್ಷದಿಂದ ಏನು ಮಾಡ್ತಾ ಇದ್ರಿ?" ಎಂದು ಆ ಕಡೆಯಿಂದ ಕೇಳಿತು. ಇವ ಗಂಟಲು ಸರಿ ಮಾಡಿಕೊಂಡು ಬಾಯಿ ತೆಗೆಯುವುದಕ್ಕೂ ಕಡ್ಡಿ ಹೋಗುವುದಕ್ಕೂ ಸರಿಯಾಯಿತು.