ಗೆರಟೆ ಇರುವ ಮನೆಗೆ ಗ್ಯಾಸ್ ಬಾರ್ಬೆಕ್ಯೂ ಯಾಕೆ?

ಈಗೀಗ ನಮ್ಮ ಕಡೆ ಹೊಸ ಮನೆ ಕಟ್ಟುವವರೆಲ್ಲ ಹಿತ್ತಿಲಲ್ಲೋ ಟೆರೇಸಿನಲ್ಲೋ ಬಾರ್ಬೆಕ್ಯೂಗೆ ಅಂತ ಒಂದು ಜಾಗ ಬಿಡುತ್ತಿದ್ದಾರೆ. ಕುಂಬಳೆ, ಉಪ್ಪಳ, ಬದಿಯಡ್ಕ, ರಾತ್ರಿ ಹೊತ್ತು ಯಾವ ಪೇಟೆಗೆ ಹೋದರೂ ಅರಬ್ ಶೈಲಿಯ ಅಲ್ಫಾಮ್ ಕೋಳಿ ಸುಡುವ ಪರಿಮಳ ಮೂಗಿಗೆ ಬಡಿಯುತ್ತದೆ. ಅದನ್ನೇ ಮನೆಯಲ್ಲಿ ಮಾಡೋಣ ಅಂತ ಆಸೆಯಾಗುವುದು ಸಹಜ. ಆಗ ಎಲ್ಲರೂ ಕೇಳುವುದು ಒಂದೇ: ಗ್ಯಾಸಿನದ್ದು ತಗೊಳ್ಳುವುದಾ, ಇದ್ದಿಲಿನದ್ದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೆಂಗಿನ ಮರ ಇರುವ ಕಾಸರಗೋಡಿನ ಮನೆಗೆ ಇದ್ದಿಲಿನದ್ದೇ ಸರಿ. ಅದೂ ಚೀಲದಲ್ಲಿ ಬರುವ ಪೇಟೆಯ ಇದ್ದಿಲಲ್ಲ, ನಮ್ಮದೇ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು.

ಕೆಂಡದಲ್ಲಿ ಸುಡುವುದು ನಮಗೇನೂ ಹೊಸತಲ್ಲ. ಬಚ್ಚಲಲ್ಲಿ ಹಂಡೆ ಒಲೆ ಇದ್ದ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ನೀರು ಕಾದ ಮೇಲೆ ಉಳಿದ ಕೆಂಡಕ್ಕೆ ಹಲಸಿನ ಬೀಜ ಹಾಕುವುದು, ಬೂದಿಯಲ್ಲಿ ಗೆಣಸು ಹುಗಿಯುವುದು, ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು, ಹಪ್ಪಳ ಸುಡುವುದು. ಒಣಮೀನು ಸುಟ್ಟು ಚಟ್ನಿ ಅರೆದರೆ ಗಂಜಿಗೆ ಬೇರೇನೂ ಬೇಡ. ಬಾರ್ಬೆಕ್ಯೂ ಒಲೆ ಗಲ್ಫಿನಿಂದ ಬಂದಿರಬಹುದು, ಕೆಲಸ ಹಳೆಯದೇ. ಆಗ ಉಳಿದ ಕೆಂಡದಲ್ಲಿ ಸುಡುತ್ತಿದ್ದೆವು, ಈಗ ಸುಡುವುದಕ್ಕೆಂದೇ ಕೆಂಡ ಮಾಡುತ್ತೇವೆ, ಅಷ್ಟೇ.

ರುಚಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಇದ್ದಿಲಿನಲ್ಲೇ ಏನೋ ಪರಿಮಳ ಇದೆ, ಅದು ಕೋಳಿಗೆ ಹತ್ತುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಚೆನ್ನಾಗಿ ಹೊತ್ತಿ, ಮೇಲೆ ಬಿಳಿ ಬೂದಿ ಕಟ್ಟಿದ ಕೆಂಡದಲ್ಲಿ ಹೊಗೆಯೇ ಕಮ್ಮಿ. ಹೊಗೆಯಾಗಿ ಹೋಗುವಂಥದ್ದೆಲ್ಲ ಇದ್ದಿಲು ಮಾಡುವಾಗಲೇ ಹೆಚ್ಚುಕಮ್ಮಿ ಹೋಗಿರುತ್ತದೆ. ಮಾಂಸದ ಕೊಬ್ಬು, ಮಸಾಲೆಯ ಎಣ್ಣೆ, ಮೀನಿನ ರಸ ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗುತ್ತದಲ್ಲ, ಅದು ಮೇಲೆ ಬಂದು ಅಂಟುತ್ತದೆ. ನಮಗೆ ಬೇಕಾದ ಪರಿಮಳ ಅದೇ. ಒಳ್ಳೆಯ ಗ್ಯಾಸ್ ಬಾರ್ಬೆಕ್ಯೂಗಳಲ್ಲೂ ಬರ್ನರಿನ ಮೇಲೆ ತಗಡಿನ ಪಟ್ಟಿ ಇರುತ್ತದೆ, ಅದಕ್ಕೆ ಬಿದ್ದ ಕೊಬ್ಬೂ ಹೊಗೆಯಾಗುತ್ತದೆ. ಗ್ಯಾಸಿನಲ್ಲಿ ಸುಟ್ಟರೆ ರುಚಿಯೇ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೆಂಡ ಗೆಲ್ಲುವುದು ಕಾವಿನಲ್ಲಿ. ಕೆಂಪಗೆ ಹೊತ್ತಿದ ಕೆಂಡದ ಬಿಸಿ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಅದರ ಕಾವು ಕಿರಣವಾಗಿ ನೇರ ಮೀನಿಗೇ ಬಡಿಯುತ್ತದೆ. ಗ್ಯಾಸಿನ ನೀಲಿ ಉರಿ ಹಾಗಲ್ಲ. ಅದು ಮೊದಲು ಗಾಳಿಯನ್ನೂ ತಗಡನ್ನೂ ಬಿಸಿ ಮಾಡುತ್ತದೆ, ಆಮೇಲೆ ಆ ಬಿಸಿ ನಮ್ಮ ಅಡುಗೆಗೆ ಮುಟ್ಟುತ್ತದೆ. ಅದರ ಜೊತೆ ನೀರಾವಿಯೂ ಇದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಇದ್ದಿಲು ಬಹುಪಾಲು ಬರೀ ಇಂಗಾಲ, ಅದರ ಬಿಸಿ ಒಣ ಬಿಸಿ. ಅದಕ್ಕೇ ಚರ್ಮ ಬೇಗ ಗರಿಗರಿಯಾಗುತ್ತದೆ, ಅಷ್ಟರಲ್ಲಿ ಒಳಗಿನ ರಸ ಒಣಗಿರುವುದಿಲ್ಲ. ಬಂಗುಡೆ, ಬೂತಾಯಿಯಂಥ ಮೀನಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕೋಳಿಯ ದೊಡ್ಡ ತುಂಡಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಗ್ಯಾಸಿಗೂ ಅದರದ್ದೇ ಜಾಗ ಇದೆ. ಹತ್ತು ಹದಿನೈದು ನಿಮಿಷಕ್ಕೆ ಕಾಯುತ್ತದೆ, ಗುಂಡಿ ತಿರುಗಿಸಿದರೆ ಉರಿ ಮಾತು ಕೇಳುತ್ತದೆ, ಬೂದಿ ತೆಗೆಯುವ ಕೆಲಸ ಇಲ್ಲ. ಕೆಲಸ ಮುಗಿಸಿ ಸಂಜೆ ಬಂದು ವಾರಕ್ಕೆ ಎರಡು ಮೂರು ಸಲ ಸುಡುವವರು ಗ್ಯಾಸಿನದ್ದನ್ನೇ ತೆಗೆದುಕೊಳ್ಳಲಿ. ನಮ್ಮೂರಲ್ಲಿ ಅಷ್ಟು ಸಲ ಸುಡುವವರು ಯಾರಿದ್ದಾರೆ? ಯಾವುದೋ ಒಂದು ಭಾನುವಾರ, ರಜೆಗೆ ನೆಂಟರು ಬಂದಾಗ, ಹೊಸ ವರ್ಷದ ರಾತ್ರಿ. ಉಳಿದ ದಿನ ಅದು ಟಾರ್ಪಾಲು ಹೊದ್ದು ಮೂಲೆಯಲ್ಲಿ ನಿಂತಿರುತ್ತದೆ.

ದುಬೈಯಲ್ಲಿರುವ ನನ್ನ ಭಾವ ಮೊನ್ನೆ ಫೋನ್ ಮಾಡಿ, "ಇಲ್ಲಿ ಒಳ್ಳೆ ಆಫರ್ ಉಂಟು, ಮೂರು ಬರ್ನರಿನದ್ದು, ಕಾರ್ಗೋದಲ್ಲಿ ಹಾಕ್ಲಾ?" ಎಂದು ಕೇಳಿದರು. "ಬೇಡ ಭಾವ, ಅಷ್ಟು ದುಡ್ಡು ಹಾಕ್ಬೇಡಿ" ಅಂದೆ. ಪ್ರೀತಿಯಿಂದ ಕೇಳಿದ್ದು, ಬೇಡ ಅನ್ನುವುದು ಕಷ್ಟವೇ. ಆದರೆ ಅಲ್ಲಿಯ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ವಾಲ್ವಿಗೆ ಸರಿಯಾಗಿ ಕೂರುತ್ತದೆ ಅಂತ ಯಾವ ಭರವಸೆಯೂ ಇಲ್ಲ. ಕೂರದಿದ್ದರೆ ಏನೋ ಒಂದು ಅಡಾಪ್ಟರ್ ಸಿಕ್ಕಿಸಿ, ಪೈಪಿಗೆ ಕ್ಲಿಪ್ ಬಿಗಿದು ಹೊಂದಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಿ ಚದುರುವುದಿಲ್ಲ, ನೆಲದಲ್ಲೇ ಹರಡಿ ತಗ್ಗು ಇದ್ದಲ್ಲಿ ನಿಂತುಬಿಡುತ್ತದೆ. ಐಎಸ್ಐ ಗುರುತಿನ ಪೈಪು, ಇಲ್ಲಿಯದ್ದೇ ರೆಗ್ಯುಲೇಟರ್, ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದು, ಇಷ್ಟೂ ಆಗದಿದ್ದರೆ ಅದರ ಸಹವಾಸವೇ ಬೇಡ.

ಸಿಲಿಂಡರಿನದ್ದು ಇನ್ನೊಂದು ರಗಳೆ. ಮನೆಗೆ ಬರುವುದು 14.2 ಕಿಲೋದ್ದು. ಮೂರು ಬರ್ನರನ್ನೂ ಪೂರ್ತಿ ಹಚ್ಚಿದರೆ ಗಂಟೆಗೆ ಮುಕ್ಕಾಲು ಕಿಲೋ ಆಸುಪಾಸು ಗ್ಯಾಸ್ ಬೇಕು. ಅಡುಗೆಮನೆಯ ಸಿಲಿಂಡರನ್ನೇ ಬಿಚ್ಚಿ ಅಂಗಳಕ್ಕೆ ಹೊತ್ತೊಯ್ದರೆ ಒಳಗೆ ಅಡುಗೆ ಮಾಡುವವರು ಕಾಯುತ್ತಾ ಕೂರಬೇಕಾ? ಮತ್ತೆ ಉಪ್ಪುಗಾಳಿ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಕಡಲ ಬದಿಯ ಮನೆಗಳಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಮ್ಮಿ. ಬರ್ನರಿನ ಸಣ್ಣ ತೂತುಗಳು ತುಕ್ಕು ಹಿಡಿದು ಮುಚ್ಚಿದರೆ ಒಂದು ಕಡೆ ಹಳದಿ ಉರಿ, ಇನ್ನೊಂದು ಕಡೆ ಉರಿಯೇ ಇಲ್ಲ. ಇದ್ದಿಲಿನ ಒಲೆಯಲ್ಲಿ ಹಾಳಾಗಲಿಕ್ಕೆ ಏನಿದೆ? ಒಂದು ತೊಟ್ಟಿ, ಒಂದು ಜಾಲರಿ. ತುಕ್ಕು ತಿಂದರೆ ವೆಲ್ಡಿಂಗ್ ಅಂಗಡಿಯಲ್ಲಿ ಹೊಸತು ಮಾಡಿಸಬಹುದು.

ಇನ್ನು ಗೆರಟೆಗೆ ಬರುತ್ತೇನೆ. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ನಮ್ಮ ಕಾಸರಗೋಡು. ಇವತ್ತಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಬೆಳೆದದ್ದು ಅದರಿಂದಲೇ. ಕೊಬ್ಬರಿ ಒಣಗಿಸಲು ಗೆರಟೆಯನ್ನೇ ಉರಿಸುವ ಡ್ರೈಯರ್ ಕೂಡ ಅಲ್ಲಿಯವರು ಮಾಡಿದ್ದಾರೆ. ಇಂಥ ಊರಿನಲ್ಲಿದ್ದುಕೊಂಡು ನಾವು ಸೂಪರ್‌ಮಾರ್ಕೆಟಿನಿಂದ ಇದ್ದಿಲಿನ ಚೀಲ ಹೊತ್ತು ತರುತ್ತೇವೆ. ಅದರಲ್ಲಿ ಕೆಲವು ಇದ್ದಿಲಿನ ಪುಡಿಗೆ ಪಿಷ್ಟದ ಅಂಟು ಹಾಕಿ ಒತ್ತಿದ ಉಂಡೆಗಳು. ಕೆಟ್ಟದ್ದೇನಲ್ಲ, ನಿಧಾನಕ್ಕೆ ತುಂಬಾ ಹೊತ್ತು ಉರಿಯುತ್ತವೆ. ಆದರೆ ಹಿತ್ತಿಲ ಕೊಟ್ಟಿಗೆಯಲ್ಲಿ ಗೆರಟೆ ರಾಶಿ ಬಿದ್ದಿರುವಾಗ ದುಡ್ಡು ಕೊಟ್ಟು ತರಬೇಕಾ?

ಮಾಡುವುದು ದೊಡ್ಡ ವಿದ್ಯೆಯಲ್ಲ. ಮಾರ್ಚ್, ಏಪ್ರಿಲಿನ ಬಿಸಿಲಲ್ಲಿ ಗೆರಟೆಯ ನಾರು ಕೆರೆದು ಚೆನ್ನಾಗಿ ಒಣಗಿಸಿ. ಮುಚ್ಚಳ ಇರುವ ತಗಡಿನ ಡ್ರಮ್ ಬೇಕು, ಪೇಂಟು ಅಥವಾ ತೋಟಕ್ಕೆ ಹೊಡೆಯುವ ಮದ್ದು ಇಟ್ಟಿದ್ದ ಡ್ರಮ್ ಬೇಡ. ತಳಕ್ಕೆ ಒಣ ಕೊತ್ತಳಿಗೆಯ ಚೂರು ಹಾಕಿ ಹೊತ್ತಿಸಿ, ಅದರ ಮೇಲೆ ಗೆರಟೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಬೇಕು. ಮೊದಲು ಕಣ್ಣು ಬಿಡಲಾಗದಷ್ಟು ದಪ್ಪ ಹೊಗೆ ಏಳುತ್ತದೆ. ಗಾಳಿ ಯಾವ ಕಡೆ ಬೀಸುತ್ತಿದೆ, ನೆರೆಮನೆಯವರು ಬಟ್ಟೆ ಒಣಹಾಕಿದ್ದಾರಾ ಅಂತ ನೋಡಿಯೇ ಈ ಕೆಲಸಕ್ಕೆ ಕೈ ಹಾಕಿ. ಹೊಗೆ ತೆಳ್ಳಗಾಗಿ ಉರಿ ಇಳಿದಾಗ ಮುಚ್ಚಳ ಹಾಕಿ ಅಂಚಿಗೆ ಹಸಿ ಮಣ್ಣು ಮೆತ್ತಿ. ಒಂಚೂರೂ ಗಾಳಿ ಒಳಗೆ ಹೋಗಬಾರದು. ಮಾರನೇ ದಿನ ಡ್ರಮ್ ಪೂರ್ತಿ ತಣಿದ ಮೇಲೆಯೇ ತೆರೆಯಿರಿ. ಬಿಸಿ ಇರುವಾಗ ತೆರೆದರೆ ಮತ್ತೆ ಹೊತ್ತಿಕೊಂಡು ಎಲ್ಲ ಬೂದಿಯಾಗುತ್ತದೆ.

ಸರಿಯಾಗಿ ಆದ ಗೆರಟೆ ಇದ್ದಿಲನ್ನು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಒಳಗೂ ಹೊರಗೂ ಒಂದೇ ಕಪ್ಪು. ಮುರಿದರೆ ಟಕ್ಕನೆ ಮುರಿಯುತ್ತದೆ, ಮುರಿದ ಅಂಚು ಹೊಳೆಯುತ್ತದೆ. ಸಿಮೆಂಟ್ ನೆಲಕ್ಕೆ ಹಾಕಿದರೆ ಲೋಹದ ಹಾಗೆ ಠಣ್ ಅನ್ನುತ್ತದೆ. ಕಂದು ಬಣ್ಣ ಉಳಿದಿದ್ದರೆ ಅದು ಅರೆಬೆಂದದ್ದು, ಒಲೆಗೆ ಹಾಕಿದರೆ ಹೊಗೆ ಬರುತ್ತದೆ, ಅದನ್ನು ಹಂಡೆ ಒಲೆಗೆ ಹಾಕಿ. ಸಾವಿರ ಗೆರಟೆ ಸುಟ್ಟರೆ 30 ಕಿಲೋ ಹತ್ತಿರ ಇದ್ದಿಲು ಸಿಗುತ್ತದೆ. ಮನೆಖರ್ಚಿಗೆ ಅಷ್ಟೊಂದು ಬೇಕಾಗಿಯೂ ಇಲ್ಲ. ಮುಚ್ಚಳ ಗಟ್ಟಿ ಇರುವ ಬ್ಯಾರಲಿನಲ್ಲಿ ತುಂಬಿಡಿ, ಇಲ್ಲದಿದ್ದರೆ ಜೂನ್ ತಿಂಗಳ ತೇವವನ್ನೆಲ್ಲ ಹೀರಿಕೊಂಡು ಹೊತ್ತಿಸುವಾಗ ಪಟಪಟ ಸಿಡಿಯುತ್ತದೆ. ಇದಕ್ಕೆ ಒಂದು ಕೊರತೆ ಇದೆ, ಹೇಳಲೇಬೇಕು. ತೆಳ್ಳಗಿರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ, ಆದರೆ ಉಂಡೆ ಇದ್ದಿಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಪಕ್ಕದಲ್ಲಿ ಇನ್ನಷ್ಟು ಇಟ್ಟುಕೊಂಡು ಹಾಕುತ್ತಾ ಇರಬೇಕು.

ಹೊತ್ತಿಸಲು ಚಿಮಿಣಿ ಎಣ್ಣೆ ಬೇಡವೇ ಬೇಡ, ಆ ವಾಸನೆ ಮೀನಿಗೆ ಹಿಡಿದರೆ ಹೋಗುವುದಿಲ್ಲ. ಒಣ ತೆಂಗಿನ ನಾರು ಸಾಕು. ಇಪ್ಪತ್ತು ನಿಮಿಷ ಬಿಟ್ಟು, ಬೂದಿ ಕಟ್ಟಿದ ಮೇಲೆ ಕೆಂಡವನ್ನೆಲ್ಲ ಒಂದು ಬದಿಗೆ ಒಟ್ಟಿ, ಇನ್ನೊಂದು ಬದಿ ಖಾಲಿ ಇರಲಿ. ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ. ಮೂರ್ನಾಲ್ಕು ಸೆಕೆಂಡಿಗಿಂತ ಜಾಸ್ತಿ ತಾಳಲಾಗದಿದ್ದರೆ ಬಂಗುಡೆಗೆ ಅದು ಸರಿಯಾದ ಕಾವು. ಮೀನಿಗೆ ಓರೆಯಾಗಿ ಗೀರು ಹಾಕಿ, ಉಪ್ಪು, ಅರಸಿನ, ಬೆಳ್ಳುಳ್ಳಿ, ಗಾಂಧಾರಿ ಮೆಣಸು, ಸ್ವಲ್ಪ ಹುಳಿ ಅರೆದು ಹಚ್ಚಿ. ಮಸಾಲೆ ನೀರಾಗಿರಬಾರದು. ಜಾಲರಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ ಮೀನು ಇಡಿ. ಇಟ್ಟ ಮೇಲೆ ಸುಮ್ನೆ ಬಿಟ್ಟುಬಿಡಿ. ಸಟ್ಟುಗ ಹಾಕಿ ಕೆದಕುತ್ತಾ ಇದ್ದರೆ ಚರ್ಮ ಜಾಲರಿಗೆ ಹೋಗುತ್ತದೆ, ಮುಳ್ಳು ನಿಮ್ಮ ತಟ್ಟೆಗೆ ಬರುತ್ತದೆ. ಚರ್ಮ ಬೆಂದು ಗಟ್ಟಿಯಾದಾಗ ಮೀನು ತಾನಾಗಿಯೇ ಜಾಲರಿ ಬಿಡುತ್ತದೆ. ಎಣ್ಣೆ ತೊಟ್ಟಿಕ್ಕಿ ಉರಿ ಎದ್ದರೆ ಖಾಲಿ ಬದಿಗೆ ಸರಿಸಿ.

ಕೋಳಿಗೆ ಕ್ರಮ ಬೇರೆ. ಅದು ಖಾಲಿ ಬದಿಯಲ್ಲಿ, ಮುಚ್ಚಳದ ಒಳಗೆ ಬೇಯಬೇಕು, ಕೊನೆಗೆ ಕೆಂಡದ ಮೇಲೆ ಬಂದು ಬಣ್ಣ ಹಿಡಿಯಬೇಕು. ಒಲೆ ಕೊಳ್ಳುವಾಗ ಮುಚ್ಚಳ ಇರುವುದನ್ನೇ ಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ. 1952ರಲ್ಲಿ ಅಮೆರಿಕದ ಜಾರ್ಜ್ ಸ್ಟೀಫನ್ ಎಂಬವರು ನೀರಿನಲ್ಲಿ ಗುರುತಿಗೆ ತೇಲಿಬಿಡುವ ಲೋಹದ ಬುರುಡೆಯ ಗುಂಡನ್ನು ಕತ್ತರಿಸಿ, ಮೇಲೊಂದು ಮುಚ್ಚಳ, ಗಾಳಿಗೆ ಕಿಂಡಿ ಇಟ್ಟು ವೆಬರ್ ಒಲೆ ಮಾಡಿದರು. ಇವತ್ತು ಅಂಗಡಿಯಲ್ಲಿ ಕಾಣುವ ಗುಂಡನೆಯ ಒಲೆಗಳಿಗೆಲ್ಲ ಅದೇ ಮಾದರಿ. ಗ್ಯಾಸಿನ ಗುಂಡಿ ಮಾಡುವ ಕೆಲಸವನ್ನು ಇಲ್ಲಿ ಆ ಕಿಂಡಿ ಮಾಡುತ್ತದೆ. ತೆರೆದರೆ ಕಾವು ಏರುತ್ತದೆ, ಮುಚ್ಚುತ್ತಾ ಬಂದರೆ ಇಳಿಯುತ್ತದೆ. ಕೋಳಿಯ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು. ಕಣ್ಣಂದಾಜಿಗೆ ಬಿಡಬೇಡಿ, ಹೊರಗೆ ಕಪ್ಪಾಗಿ ಒಳಗೆ ಹಸಿ ಇರುವ ಕೋಳಿ ಮಕ್ಕಳ ಹೊಟ್ಟೆ ಕೆಡಿಸುತ್ತದೆ. ಭಾವನಿಗೆ ಹೇಳಿದ್ದು ಅದನ್ನೇ, ತರುವುದಿದ್ದರೆ ಒಂದು ಒಳ್ಳೆ ಥರ್ಮಾಮೀಟರ್ ತನ್ನಿ.

ಆರೋಗ್ಯದ ಮಾತಿನಲ್ಲಿ ಗ್ಯಾಸಿಗೆ ಒಂದು ಅಂಕ ಜಾಸ್ತಿಯೇ ಕೊಡಬೇಕು. ಕೊಬ್ಬು ಕೆಂಡಕ್ಕೆ ಬಿದ್ದು ಎದ್ದ ಹೊಗೆಯಲ್ಲಿ ಬೆಂಜೊಪೈರೀನಿನಂಥ ಕೆಟ್ಟ ವಸ್ತುಗಳು ಇರುತ್ತವೆ. ಪರಿಮಳ ತರುವ ಹೊಗೆಯೇ ಅದನ್ನೂ ತರುತ್ತದೆ. ಹಾಗಾಗಿ ಉರಿ ಎದ್ದಲ್ಲಿ ಮಾಂಸ ಬಿಡಬೇಡಿ, ಜಾಸ್ತಿ ಕೊಬ್ಬು ಮೊದಲೇ ತೆಗೆಯಿರಿ, ಕರಿಕಾದ ಭಾಗ ಕಿತ್ತು ಬಿಸಾಡಿ. ಆಗೊಮ್ಮೆ ಈಗೊಮ್ಮೆ ಸುಡುವ ಮನೆಗೆ ಇಷ್ಟು ಎಚ್ಚರ ಸಾಕು ಅಂತ ನನ್ನ ಲೆಕ್ಕ. ಮಕ್ಕಳು ಹಸಿ ಗೇರುಬೀಜ ತಂದು ಕೆಂಡಕ್ಕೆ ಹಾಕಲು ಬಂದರೆ ಮಾತ್ರ ಬಿಡಬೇಡಿ. ಸಿಪ್ಪೆಯ ಎಣ್ಣೆ ಸಿಡಿದು ಮೈ ಸುಡುತ್ತದೆ, ಆ ಹೊಗೆಯೂ ಒಳ್ಳೆಯದಲ್ಲ.

ನನಗೆ ನಿಜವಾದ ಹೆದರಿಕೆ ಇರುವುದು ಮಳೆಗಾಲದ್ದು. ಗಲ್ಫಿನ ಶಾಲೆಗಳಿಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ನೆಂಟರು ಬರುವುದೂ ಆಗಲೇ, ಇಲ್ಲಿ ಆಟಿಯ ಮಳೆ ಹೊಡೆಯುವುದೂ ಆಗಲೇ. ಅಂಗಳದಲ್ಲಿ ಹೊತ್ತಿಸಿದ ಒಲೆಯನ್ನು ಮಳೆ ಬಂತೆಂದು ಎತ್ತಿ ಒಳಗೆ ತರುತ್ತಾರೆ, ಎರಚಲು ಬೀಳುತ್ತದೆಂದು ಬಾಗಿಲು ಕಿಟಕಿ ಹಾಕುತ್ತಾರೆ. ಹಾಗೆ ಮಾಡಲೇಬಾರದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಸೋರಿದರೆ ಅದಕ್ಕೆ ಬೆರೆಸಿದ ವಾಸನೆಯಿಂದ ಗೊತ್ತಾಗುತ್ತದೆ, ಇದು ಗೊತ್ತಾಗುವುದೇ ಇಲ್ಲ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಎಚ್ಚರವೇ ತಪ್ಪಬಹುದು. ಹೊಗೆ ಕಾಣುವುದಿಲ್ಲ ಎಂದು ಆರುತ್ತಿರುವ ಕೆಂಡವನ್ನೂ ಮಲಗುವ ಕೋಣೆಯ ಹತ್ತಿರ ಇಡಬೇಡಿ. ನಾಲ್ಕೂ ಕಡೆ ತೆರೆದ ಮಾಡು ಇದ್ದರೆ ಸರಿ. ಇಲ್ಲದಿದ್ದರೆ ಮಳೆ ಬಂದ ದಿನ ಆ ಮೀನನ್ನು ಕಾವಲಿಯಲ್ಲಿ ಹುರಿದು ತಿನ್ನಿ.

ಮತ್ತೆ, ಒಲೆ ಹೊತ್ತಿಸಿದ ಗಂಡಸರೇ ಮರುದಿನ ಬೂದಿ ತೆಗೆದು ಜಾಲರಿ ಉಜ್ಜಬೇಕು. ಹೊತ್ತಿಸಿ ಫೋಟೊ ತೆಗೆಸಿಕೊಳ್ಳುವುದು ಒಬ್ಬರು, ಜಿಡ್ಡು ತೊಳೆಯುವುದು ಅತ್ತಿಗೆಯೋ ಅಮ್ಮನೋ ಆದರೆ ಆ ಮನೆಗೆ ಯಾವ ಬಾರ್ಬೆಕ್ಯೂ ಕೂಡ ಬೇಡ. ತಣಿದ ಬೂದಿ ತೆಂಗಿನ ಬುಡಕ್ಕೇ ಹೋಗಲಿ, ಅದರಲ್ಲಿ ಪೊಟ್ಯಾಷ್ ಚೆನ್ನಾಗಿದೆ.

ಮುಳ್ಳೇರಿಯ, ಪೆರ್ಲ, ನೀರ್ಚಾಲು ಕಡೆ ಯಾರಾದರೂ ಗೆರಟೆ ಇದ್ದಿಲು ಮಾಡಿ ಮಾರುವವರಿದ್ದರೆ ನನಗೆ ತಿಳಿಸಿ. ತೆಂಗಿನ ಮರ ಇಲ್ಲದ ಮನೆಯವರು ಕೇಳುತ್ತಾ ಇದ್ದಾರೆ, ಐದು ಹತ್ತು ಕಿಲೋದ ಚೀಲ ಮಾಡಿ ಕೊಟ್ಟರೆ ಈ ಬೇಸಗೆಯಲ್ಲೇ ಕೊಳ್ಳುವವರಿದ್ದಾರೆ.