ಹಾಜರಿ ಹಾಕಿ, ಕಾಯುತ್ತಿರಿ

ಇಂಗ್ಲೆಂಡಿನಲ್ಲಿ ರಂಗನಟರಿಗೆ ಬಲು ಮರ್ಯಾದೆ. ಶುರುವಿನಲ್ಲಿ ಒಂಚೂರು ಬಿಸಿ ಮುಟ್ಟಿಸಿದ್ದರು, ಅಷ್ಟೇ. 1572ರ ಕಾಯ್ದೆಯ ಪ್ರಕಾರ ದೊಡ್ಡವರ ಆಶ್ರಯವಾಗಲಿ ಪರವಾನಗಿಯಾಗಲಿ ಇಲ್ಲದೆ ನಾಟಕವಾಡುತ್ತ ಊರೂರು ತಿರುಗುವವನು ಪುಂಡ ಅಲೆಮಾರಿ. ಛಡಿಯೇಟು, ಅದರ ಮೇಲೆ ಬಲಗಿವಿಗೆ ಒಂದು ಅಂಗುಲ ಸುತ್ತಳತೆಯ ಕಾದ ಕಬ್ಬಿಣ. 1895ರಲ್ಲಿ ನಟ ಹೆನ್ರಿ ಇರ್ವಿಂಗ್‌ಗೆ ನೈಟ್ ಪದವಿ ಕೊಟ್ಟು ಸರಿಪಡಿಸಿದರು. ಮುನ್ನೂರು ವರ್ಷ ಸರ್ಕಾರಿ ಕಡತಕ್ಕೆ ದೊಡ್ಡದೇನಲ್ಲ.

ಕಿವಿ ಉಳಿಯಿತು, ಇನ್ನು ಕಾರ್ಡು ಬೇಕಾಯಿತು. 1930ರಲ್ಲಿ ನಟರ ಸಂಘ ‘ಈಕ್ವಿಟಿ’ ಹುಟ್ಟಿತು. 1980ರ ದಶಕದವರೆಗೂ ಅದರ ಕಾರ್ಡಿಲ್ಲದವನಿಗೆ ಕೆಲಸವಿಲ್ಲ, ಕೆಲಸದ ಕರಾರು ತೋರಿಸದವನಿಗೆ ಕಾರ್ಡಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಲಂಡನ್ನಿನ ಹೊರಗಿನ ನಾಟಕ ಕಂಪನಿಗಳು ವರ್ಷಕ್ಕೆ ಬೆರಳೆಣಿಕೆಯ ಹೊಸಬರನ್ನು ಸೇರಿಸಿಕೊಳ್ಳಬಹುದಿತ್ತು. ಅಲ್ಲಿ ಜಾಗ ಸಿಗದವರು ಕ್ಲಬ್ಬುಗಳಲ್ಲಿ ಹಾಡಿ, ಕುಣಿದು, ಜಾದೂ ಮಾಡಿ ವೆರೈಟಿ ಕರಾರುಗಳನ್ನು ಕೂಡಿಹಾಕಿದರು. ಹ್ಯಾಮ್ಲೆಟ್ ಆಗಬೇಕೆಂದವನು ಮೊದಲು ಟೋಪಿಯಿಂದ ಮೊಲ ತೆಗೆಯಬೇಕು.

ಹೆಸರೂ ನಿಮ್ಮದೇ ಇರುತ್ತದೆಂಬ ಭರವಸೆ ಬೇಡ. ಸಂಘದಲ್ಲಿ ಆ ಹೆಸರಿನವರು ಆಗಲೇ ಇದ್ದರೆ ಅಪ್ಪ ಅಮ್ಮ ಇಟ್ಟದ್ದು ರದ್ದು. ಡೇವಿಡ್ ಮೆಕ್‌ಡೊನಾಲ್ಡ್ ಎಂಬ ಹುಡುಗ ಪಾಪ್ ಗಾಯಕ ನೀಲ್ ಟೆನಂಟ್‌ನ ಕುಲನಾಮ ಎತ್ತಿಕೊಂಡು ನಟ ಡೇವಿಡ್ ಟೆನಂಟ್ ಆದದ್ದು ಹೀಗೆ.

ಇಷ್ಟಾಗಿ ಲಂಡನ್ನಿನ ರಂಗಮಂದಿರಗಳ ಬೀಡಾದ ವೆಸ್ಟ್ ಎಂಡ್‌ನಲ್ಲಿ ಸಿಗುವ ಕೆಲಸ ಅಂಡರ್‌ಸ್ಟಡಿಯದೂ, ಅಂದರೆ ಅಸಲಿ ನಟರು ಬಾರದ ದಿನ ಆಡಲು ಸಜ್ಜಾಗಿ ಕೂರುವ ಬದಲಿಯದೂ ಆಗಿರಬಹುದು. ಪೂರ್ತಿ ಮಾತು, ನಡೆ, ಯಾವ ಕೈಯಲ್ಲಿ ಬಾಗಿಲು ತೆಗೆಯಬೇಕು, ಎಲ್ಲ ಬಾಯಿಪಾಠ. ವಾರಕ್ಕೆ 8 ಪ್ರದರ್ಶನ, ಎಂಟಕ್ಕೂ ಹಾಜರಿ. ಪರದೆ ಏಳುವುದು 7.30ಕ್ಕಾದರೆ ‘ಹಾಫ್’, ಅಂದರೆ ಇನ್ನು ಅರ್ಧ ಗಂಟೆ, ಎಂದು ಕೂಗುವುದು 7ಕ್ಕಲ್ಲ, 6.55ಕ್ಕೆ. ‘ಕ್ವಾರ್ಟರ್’ 7.10ಕ್ಕೆ, ‘ಫೈವ್’ 7.20ಕ್ಕೆ. ಮೊದಲ ದೃಶ್ಯದವರನ್ನು ರಂಗದ ಪಕ್ಕಕ್ಕೆ ಕರೆಯುವುದು 7.25ಕ್ಕೆ, ಲೆಕ್ಕವೆಲ್ಲ ಆ ಕರೆಯಿಂದ ಹಿಂದಕ್ಕೆ. ಅಸಲಿ ನಟಿ 6.55ರೊಳಗೆ ಬಂದು ಸಹಿ ಹಾಕದಿದ್ದರೆ ಬದಲಿಯವಳ ಎದೆ ಡವಡವ. ಹಾಕಿದಳೋ, ಪದಬಂಧ ತೆಗೆದು ಕೂರಬೇಕು. ಇನ್ನೊಬ್ಬರಿಗೆ ನೆಗಡಿಯಾಗಲೆಂದು ಹಾರೈಸುವುದು ಅಸಭ್ಯ. ಹಾಗಾಗಿ ದಿನಾ ಅಕ್ಕರೆಯಿಂದ ಕ್ಷೇಮ ವಿಚಾರಿಸುವುದು ವಾಡಿಕೆ.

ಈ ವಿದ್ಯೆಯಲ್ಲಿ ಸಿದ್ಧಿ ಪಡೆದವರು ನ್ಯಾನ್ಸಿ ಸೀಬ್ರೂಕ್. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ ಕೋವಿಡ್ ಬರುವವರೆಗೂ ನಿಂತದ್ದೇ ಇಲ್ಲ. ಅದರ ಮಿಸೆಸ್ ಬಾಯ್ಲ್ ಪಾತ್ರಕ್ಕೆ ಅವರು 15 ವರ್ಷ ಬದಲಿ. 6,240 ಪ್ರದರ್ಶನಗಳಿಗೆ ಸಜ್ಜಾಗಿದ್ದು, ರಂಗ ಹತ್ತಿದ್ದು 72 ಸಲ. 1994ರಲ್ಲಿ, 79ರ ವಯಸ್ಸಿನಲ್ಲಿ ನಿವೃತ್ತರಾದರು. ಆ ಪಾತ್ರವಾದರೂ ಎಂಥದು? ಮಿಸೆಸ್ ಬಾಯ್ಲ್ ಮೊದಲ ಅಂಕದ ಕೊನೆಗೇ ಕೊಲೆಯಾಗುತ್ತಾಳೆ. ಅಂದರೆ ಅದೃಷ್ಟ ಖುಲಾಯಿಸಿದ ರಾತ್ರಿಯೂ ಮಧ್ಯಂತರದ ಹೊತ್ತಿಗೆ ಕೆಲಸ ಮುಗಿಯಿತು. ಕೊನೆಯ ಚಪ್ಪಾಳೆಗೆ ಎಲ್ಲರ ಜೊತೆ ನಿಂತು ಬಾಗಬೇಕಲ್ಲ, ಮನೆಗೂ ಹೊರಡುವಂತಿಲ್ಲ. ಸತ್ತ ಮೇಲೂ ಕಾಯಬೇಕು.